ಕಿವಿಗೆ ಬಿದ್ದ ದಿನದಿಂದ

ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಆಕಾಶಮಾರ್ಗದಲ್ಲಿ ದೂರ ಸುಮಾರು 715 ಕಿಲೋಮೀಟರ್. ಉಡುಪಿ ಕಡೆಯ ಹಳ್ಳಿಯೊಂದರಲ್ಲಿ ಬೆಳಗಿನ ಜಾವ ತಾಯಿ ತೀರಿಕೊಂಡರೆ, ಮುಂಬಯಿಯ ಫೋರ್ಟ್ ಪ್ರದೇಶದ ಬ್ಯಾಂಕಿನಲ್ಲೋ ವಕೀಲರ ಕಚೇರಿಯಲ್ಲೋ ಹೋಟೆಲಿನ ಗಲ್ಲೆಯಲ್ಲೋ ದುಡಿಯುವ ಮಗ ಮಧ್ಯಾಹ್ನದ ಹೊತ್ತಿಗೆ ಮನೆಯಂಗಳದಲ್ಲಿ ಇರಬೇಕು ಎಂದು ಊರಿನವರು ಲೆಕ್ಕ ಹಾಕುತ್ತಾರೆ. ಬಾಡಿಗೆಗೆ ತಂದ ಶೀತಪೆಟ್ಟಿಗೆ ಚಾವಡಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಬೊಂಬಾಯಿಡ್ದ್ ಮಗೆ ಬತ್ತೆನಾ?" ಬೊಂಬಾಯಿಂದ ಮಗ ಬಂದನೇ?

ಬಂದರೆ ಸರಿ. ಬರಲಾಗದಿದ್ದರೆ ಆ ಪ್ರಶ್ನೆ ಆರೋಪವಾಗುತ್ತದೆ. "ವಿಮಾನ ಇತ್ತಲ್ಲ?" ಎಂಬ ಎರಡು ಪದ ವರ್ಷಗಟ್ಟಲೆ ಒಬ್ಬ ಮನುಷ್ಯನ ಬೆನ್ನು ಬಿಡುವುದಿಲ್ಲ.

ಈ ಆರೋಪಕ್ಕೆ ಧರ್ಮದ ಆಧಾರ ಇದೆಯೇ? ದೂರದ ಊರಿನಲ್ಲಿರುವವನ ಕರ್ತವ್ಯವನ್ನು ಹಾರಾಟದ ಗಂಟೆಗಳಿಂದ ಅಳೆಯಬಹುದೇ? ಕೇಳುವುದಕ್ಕೆ ಇದು ಹೊಸ ಕಾಲದ ಪ್ರಶ್ನೆ. ಆದರೆ ಇದರ ಉತ್ತರಕ್ಕೆ ಬೇಕಾದ ಸಾಮಗ್ರಿಯನ್ನು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನೆಲದಲ್ಲಿ ಕೂತು ಒಬ್ಬ ಪಂಡಿತ ಜೋಡಿಸಿಟ್ಟಿದ್ದಾನೆ.

ಆತ ವಿಜ್ಞಾನೇಶ್ವರ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ಅರಸ ಆಳಿದ್ದು 1076ರಿಂದ 1126ರವರೆಗೆ. ರಾಜಧಾನಿ ಕಲ್ಯಾಣ ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನ 'ಮಿತಾಕ್ಷರಾ'. ಫೋರ್ಟಿಗೂ ಈ ಗ್ರಂಥಕ್ಕೂ ಹಳೆಯ ನಂಟಿದೆ. 1862ರಲ್ಲಿ ಸ್ಥಾಪನೆಯಾಗಿ 1878ರಲ್ಲಿ ಈಗಿನ ಕಲ್ಲಿನ ಕಟ್ಟಡ ಕಂಡ ಬಾಂಬೆ ಹೈಕೋರ್ಟಿನಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಪಾಲಿನ ವ್ಯಾಜ್ಯ ಬಂದಾಗಲೆಲ್ಲ ವಕೀಲರು ತೆರೆಯುತ್ತಿದ್ದುದು ಇದನ್ನೇ. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಮಾತು ಇಲ್ಲಿಂದಲೇ ಬಂದದ್ದು. ವಕೀಲರಿಗೆ ಬೇಕಾಗಿದ್ದುದು ವ್ಯವಹಾರಾಧ್ಯಾಯ. ಅವರು ಹೆಚ್ಚಾಗಿ ದಾಟಿ ಹೋಗುತ್ತಿದ್ದ ಮೂರನೆಯ ಅಧ್ಯಾಯದ ಮೊದಲಲ್ಲೇ, ಆಶೌಚ ಪ್ರಕರಣದಲ್ಲಿ, ದೂರದ ಪ್ರಶ್ನೆ ಇದೆ.

ಹತ್ತಿರದ ದಾಯಾದಿ ಸತ್ತರೆ ಹತ್ತು ದಿನ ಸೂತಕ. ಸತ್ತವನು ದೂರದೇಶದಲ್ಲಿದ್ದು, ಸುದ್ದಿ ತಡವಾಗಿ ಬಂದರೆ? ಮನುಸ್ಮೃತಿ ಇದಕ್ಕೆ ಮೆಟ್ಟಿಲು ಹಾಕಿದೆ. ಹತ್ತು ದಿನದೊಳಗೆ ಕೇಳಿದರೆ ಉಳಿದಷ್ಟು ದಿನ. ಹತ್ತು ದಿನ ಕಳೆದ ಮೇಲೆ ಕೇಳಿದರೆ ಮೂರು ರಾತ್ರಿ. ವರ್ಷ ಕಳೆದಿದ್ದರೆ ನೀರು ಮುಟ್ಟಿದರೆ ಸಾಕು. ಸತ್ತವನು ದೇಶಾಂತರದಲ್ಲಿದ್ದ, ಪಿಂಡಸಂಬಂಧ ಬೇರೆಯಾದವನು ಎಂದಾದರೆ ಉಟ್ಟ ಬಟ್ಟೆಯಲ್ಲೇ ಮಿಂದು ಕೂಡಲೇ ಶುದ್ಧ. ಅಂದರೆ ದೂರ ಹೆಚ್ಚಿದಷ್ಟೂ ಹೊರೆ ಇಳಿಯುತ್ತದೆ. ದೂರದಲ್ಲಿ ಇರುವವನಿಗೆ ಶಾಸ್ತ್ರ ಕೊಟ್ಟದ್ದು ಶಿಕ್ಷೆಯಲ್ಲ, ರಿಯಾಯಿತಿ.

ರಿಯಾಯಿತಿ ಎಂದ ಮೇಲೆ ಅದು ಯಾರಿಗೆ ಸಲ್ಲುತ್ತದೆ ಎಂದು ಗೆರೆ ಎಳೆಯಬೇಕಾಯಿತು. ದೇಶಾಂತರ ಎನ್ನಬೇಕಾದರೆ ಎಷ್ಟು ದೂರ ಇರಬೇಕು? ವಿಜ್ಞಾನೇಶ್ವರ ಹಳೆಯ ಸ್ಮೃತಿಕಾರರ ಅಳತೆಗಳನ್ನು ಸಾಲಾಗಿ ಮುಂದಿಡುತ್ತಾನೆ. ನಡುವೆ ಮಹಾನದಿ ಇದ್ದರೆ, ಬೆಟ್ಟ ಅಡ್ಡ ಬಂದರೆ, ಮಾತು ಬದಲಾದರೆ ಅದು ದೇಶಾಂತರ ಎನ್ನುವುದು ಒಂದು ಅಳತೆ. ಅರುವತ್ತು ಯೋಜನ ಎಂದು ಕೆಲವರು, ನಲವತ್ತು ಎಂದು ಇನ್ನು ಕೆಲವರು, ಮೂವತ್ತು ಸಾಕು ಎಂದು ಮತ್ತೆ ಕೆಲವರು ಹೇಳಿದ್ದು ಇನ್ನೊಂದು. ನಂತರದ ಧರ್ಮನಿಬಂಧಗಳಲ್ಲಿ ಮೂರನೆಯದೊಂದು ಸಿಗುತ್ತದೆ: ಹತ್ತು ರಾತ್ರಿಯೊಳಗೆ ಯಾವ ಊರಿನ ಸುದ್ದಿ ಕೇಳಿಬರುವುದಿಲ್ಲವೋ ಅದು ದೇಶಾಂತರ.

ಮುಂಬಯಿ–ಮಂಗಳೂರನ್ನು ಈ ಮೂರು ಅಳತೆಗೂ ಒಡ್ಡಿ ನೋಡಬಹುದು. ಯೋಜನದ ಉದ್ದದ ಬಗ್ಗೆ ಒಮ್ಮತವಿಲ್ಲ; 13 ಕಿಲೋಮೀಟರ್ ಎಂದು ಹಿಡಿದರೆ ಮೂವತ್ತು ಯೋಜನಕ್ಕೆ 390, ನಲವತ್ತಕ್ಕೆ 520, ಅರುವತ್ತಕ್ಕೆ 780 ಕಿಲೋಮೀಟರ್ ಆಗುತ್ತದೆ. ಎರಡು ಮತಗಳ ಪ್ರಕಾರ ಮುಂಬಯಿ ದೇಶಾಂತರ. ಅರುವತ್ತು ಯೋಜನದ ಮತದ ಪ್ರಕಾರ ಕೂದಲೆಳೆಯಲ್ಲಿ ಅಲ್ಲ. ನದಿಯ ಅಳತೆಯಲ್ಲಿ ಸಂಶಯವೇ ಇಲ್ಲ: ಶರಾವತಿ, ಕಾಳಿ, ಮಾಂಡವಿ ಎಲ್ಲವೂ ಅಡ್ಡ ಹರಿಯುತ್ತವೆ. ಮಾತಂತೂ ತುಳುವಿನಿಂದ ಕನ್ನಡಕ್ಕೆ, ಕೊಂಕಣಿಗೆ, ಮರಾಠಿಗೆ ಮಗ್ಗಲು ಬದಲಿಸುತ್ತದೆ. ಉಳಿದದ್ದು ಮೂರನೆಯ ಅಳತೆ, ಸುದ್ದಿಯದು. ಮುಂಬಯಿಯನ್ನು ದೇಶಾಂತರದ ಪಟ್ಟಿಯಿಂದ ತೆಗೆದುಹಾಕಿದ್ದು ಅದೊಂದೇ. ಆ ಕೆಲಸ ವಿಮಾನ ಮಾಡಿದ್ದಲ್ಲ, ತಂತಿ ಮಾಡಿದ್ದು.

ಫ್ಲೋರಾ ಫೌಂಟನ್ ಬಳಿಯ ಕೇಂದ್ರ ತಂತಿ ಕಚೇರಿ ಈ ಕಥೆಯ ನಡುಮನೆ. ಕೋಟೆಗೋಡೆ ಕೆಡವಿದ 1860ರ ದಶಕದಲ್ಲಿ, ಹಳೆಯ ಚರ್ಚ್‌ಗೇಟ್ ಬಾಗಿಲಿದ್ದ ಜಾಗದ ಆಸುಪಾಸಿನಲ್ಲಿ ಆ ಕಾರಂಜಿ ಎದ್ದಿತು. 1870ರಲ್ಲಿ ಕಡಲಡಿಯ ತಂತಿ ಮುಂಬಯಿಯನ್ನು ಲಂಡನ್ನಿಗೆ ಜೋಡಿಸಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷ ಕರಾವಳಿಯ ಸಾವುಗಳು ಫೋರ್ಟಿನ ಹೋಟೆಲು, ಖಾನಾವಳಿ, ರಾತ್ರಿಶಾಲೆಗಳಿಗೆ ಬಂದದ್ದು ಅಚ್ಚಾದ ಕಾಗದದ ಪಟ್ಟಿಗಳನ್ನು ಅಂಟಿಸಿದ ಒಂದು ಹಾಳೆಯಾಗಿ. ಹಗಲು ಹೋಟೆಲಿನಲ್ಲಿ ಕಪ್ಪು–ಬಸಿ ತೊಳೆದು ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂರುತ್ತಿದ್ದ ಹುಡುಗರಿಗೆ ತಂತಿ ಎಂದರೆ ಸಾವು ಎಂದೇ ಅರ್ಥ. ಒಡೆಯುವ ಮೊದಲೇ ಅಳು ಬರುತ್ತಿತ್ತು. 2013ರ ಜುಲೈಯಲ್ಲಿ ಭಾರತದ ತಂತಿ ಸೇವೆ ಮುಗಿಯುವ ವೇಳೆಗೆ ಆ ಕೆಲಸವನ್ನು ಮೊಬೈಲು ವಹಿಸಿಕೊಂಡಿತ್ತು.

ಸುದ್ದಿ ಗಂಟೆಗಳಲ್ಲಿ ಬರತೊಡಗಿದರೂ ಮನುಷ್ಯ ಮಾತ್ರ ದಿನಗಟ್ಟಲೆ ತೆಗೆದುಕೊಳ್ಳುತ್ತಿದ್ದ. ಕರಾವಳಿಯ ಸ್ಟೀಮರುಗಳು ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಜೂನಿನಲ್ಲಿ ತಂತಿ ಬಂದರೆ ಹೋಗಲು ಹಡಗಿಲ್ಲ. ರೈಲಿನಲ್ಲಿ ಹೋಗುವವನು ದೇಶದ ಒಳನಾಡನ್ನು ಬಳಸಿ, ಘಟ್ಟ ಇಳಿದು ಊರು ಸೇರಬೇಕಿತ್ತು. ಮಂಗಳೂರಿನ ಬಜ್ಪೆಯಲ್ಲಿ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದವರು ಜವಾಹರಲಾಲ್ ನೆಹರೂ. ಆದರೆ ಆ ಕಾಲದ ಹೋಟೆಲ್ ಮಾಣಿಗೆ ವಿಮಾನ ಕಣ್ಣಿಗೆ ಕಾಣುವ ವಸ್ತುವಾಗಿತ್ತೇ ಹೊರತು ಕೈಗೆ ಎಟಕುವುದಾಗಿರಲಿಲ್ಲ. ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಅದೇ ವರ್ಷ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಓಡತೊಡಗಿತು. ಸಂಜೆ ಮುಂಬಯಿ ಬಿಟ್ಟವನು ಮರುದಿನ ಬೆಳಗಾದಾಗ ಕುಂದಾಪುರ, ಉಡುಪಿ ಕಾಣುವಂತಾಯಿತು. ಮುಂಬಯಿಯ ಸಾಮಾನ್ಯ ತುಳುವ, ಕನ್ನಡಿಗ ಊರಿನ ಸಾವಿಗೆ ನಿಜವಾಗಿ ಹತ್ತಿರವಾದದ್ದು ಅಂದಿನಿಂದ.

ಹೀಗೆ ಸುದ್ದಿ ಮೊದಲು, ದೇಹ ಆಮೇಲೆ ವೇಗ ಪಡೆಯಿತು. ಅವೆರಡರ ನಡುವಿನ ಅಂತರ ಕಿರಿದಾದಂತೆ ಊರಿನವರ ನಿರೀಕ್ಷೆ ಹಿಗ್ಗಿತು. ಹಿಂದೆ ಬೊಂಬಾಯಿಯ ಮಗನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಇದ್ದವರು ಅಗ್ನಿ ಕೊಡುತ್ತಿದ್ದರು. ಅವನು ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಹೊತ್ತಿಗೆ ಬಂದರೆ ಅದೇ ದೊಡ್ಡದು. ಈಗ ಪೆಟ್ಟಿಗೆಯಲ್ಲಿ ಶವ ಕಾಯುತ್ತದೆ.

ವೇಗ ಹೆಚ್ಚಿದಾಗ ದೂರದ ನಿಯಮ ಬದಲಾಗಬೇಕೇ ಎಂಬ ಪ್ರಶ್ನೆ ಹಿಂದೂಗಳದ್ದು ಮಾತ್ರವಲ್ಲ. ಫೋರ್ಟಿನೊಳಗೇ ನಾಲ್ಕು ಹೆಜ್ಜೆ ನಡೆದರೆ ಬೇರೆ ಧರ್ಮಗಳ ಉತ್ತರಗಳೂ ಸಿಗುತ್ತವೆ.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಪಕ್ಕದಲ್ಲಿ ಹಜ್ ಹೌಸ್ ಇದೆ. ಮುಂಬಯಿ ಬಂದರಿನಿಂದ ಯಾತ್ರಿಕರ ಹಡಗುಗಳು ಜಿದ್ದಾಕ್ಕೆ ಹೋಗುತ್ತಿದ್ದ ಕಾಲ 1995ಕ್ಕೆ ಮುಗಿಯಿತು. ಈಗ ಸುಮಾರು 3,500 ಕಿಲೋಮೀಟರನ್ನು ಐದೂವರೆ ಗಂಟೆಯಲ್ಲಿ ದಾಟುತ್ತಾರೆ. ದೂರ ಪ್ರಯಾಣ ಮಾಡುವ ಮುಸ್ಲಿಮನಿಗೆ ನಾಲ್ಕು ರಕಅತ್‌ಗಳ ನಮಾಜನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಇದೆ. ಭಟ್ಕಳದ ನವಾಯತರು ಅನುಸರಿಸುವ ಶಾಫಿಈ ಪಂಥದಲ್ಲಿ ಇದಕ್ಕೆ ಬೇಕಾದ ದೂರ 48 ಹಾಶಿಮೀ ಮೈಲಿ. ಹೊರೆ ಹೊತ್ತ ಪ್ರಾಣಿಗಳ ನಡಿಗೆಯಲ್ಲಿ ಎರಡು ದಿನದ ಹಾದಿ. ಅಷ್ಟು ದೂರವನ್ನು ಒಬ್ಬ ಸುಸ್ತೇ ಇಲ್ಲದೆ ಒಂದು ಗಂಟೆಯಲ್ಲಿ ದಾಟಿದರೆ? 1277ರಲ್ಲಿ ತೀರಿಕೊಂಡ ಇಮಾಂ ನವವಿ ತಮ್ಮ 'ಮಿನ್ಹಾಜ್' ಗ್ರಂಥದಲ್ಲಿ ಇದನ್ನು ಆಗಲೇ ಯೋಚಿಸಿದ್ದರು. ಕಡಲಿಗೂ ನೆಲಕ್ಕೂ ಒಂದೇ ಲೆಕ್ಕ. ಅಷ್ಟು ಮೈಲಿಯನ್ನು ಕಡಲಲ್ಲಿ ಒಂದೇ ಗಂಟೆಯಲ್ಲಿ ದಾಟಿದವನಿಗೂ ರಿಯಾಯಿತಿ ಉಂಟು ಎಂಬುದು ಅವರ ನಿರ್ಣಯ. ವಿಮಾನ ಹುಟ್ಟುವುದಕ್ಕೆ ಆರು ಶತಮಾನ ಮೊದಲೇ ವಿಮಾನದ ಪ್ರಶ್ನೆಗೆ ಉತ್ತರ ಬಂದಿತ್ತು. ವೇಗದಿಂದ ಶ್ರಮ ತಪ್ಪಿದರೂ ಕೊಟ್ಟ ರಿಯಾಯಿತಿಯನ್ನು ಹಿಂದಕ್ಕೆ ಪಡೆಯುವ ಮಾತಿಲ್ಲ.

ಯಹೂದಿಗಳಿಗೆ ದೂರ ಒಂದು ಎಲ್ಲೆ. ಸಬ್ಬತ್ತಿನ ದಿನ ಊರಿನ ಗಡಿಯಿಂದ 2,000 ಮೊಳದಾಚೆ ಹೋಗುವಂತಿಲ್ಲ. ತಾಲ್ಮುಡ್‌ನ 'ಏರುವಿನ್' ಭಾಗ ಇಲ್ಲೊಂದು ವಿಚಿತ್ರ ಪ್ರಶ್ನೆ ಎತ್ತುತ್ತದೆ. ನೆಲದಿಂದ ಹತ್ತು ಹಿಡಿಗಿಂತ ಮೇಲೆ ಸಾಗಿದವನಿಗೂ ಈ ಎಲ್ಲೆ ಅನ್ವಯಿಸುತ್ತದೆಯೇ? ಚರ್ಚೆಯ ನಡುವೆ ಒಂದು ಘಟನೆ ಬರುತ್ತದೆ. ಬೆಳಿಗ್ಗೆ ಸೂರಾ ನಗರದಲ್ಲಿ ಕೇಳಿಬಂದ ಏಳು ಉಪದೇಶಗಳು ಅದೇ ಸಬ್ಬತ್ತಿನ ಸಂಜೆ ಪುಂಬೆದಿತಾ ನಗರದಲ್ಲೂ ಕೇಳಿಬಂದವು. ಎರಡೂ ಬ್ಯಾಬಿಲೋನಿಯಾದ ವಿದ್ಯಾಕೇಂದ್ರಗಳು, ಒಂದೇ ದಿನದಲ್ಲಿ ಎಲ್ಲೆ ಮೀರದೆ ಹೋಗಿಬರುವ ದೂರದವಲ್ಲ. ಹಾಗಾದರೆ ಹೇಳಿದವನು ಯಾರು? ಆಕಾಶದಲ್ಲಿ ಸಾಗಿ ಬಂದ ಪ್ರವಾದಿ ಎಲಿಯಾನೇ? ಹಾಗಿದ್ದರೆ ಮೇಲೆ ಎಲ್ಲೆ ಇಲ್ಲವೆಂದಾಯಿತು. ಅಥವಾ ಸಬ್ಬತ್ತಿನ ಕಟ್ಟಳೆ ಇಲ್ಲದ ಒಂದು ಭೂತವೇ? ಕಡೆಯ ಮಾತು ಹೇಳದೆ ಗ್ರಂಥ ಪ್ರಶ್ನೆಯನ್ನು ತೆರೆದಿಟ್ಟಿದೆ. ಆ ಪ್ರವಾದಿಯ ಹೆಸರನ್ನೇ ಹೊತ್ತಿದ್ದ ತಂದೆಯ ನೆನಪಿಗೆ ಜೇಕಬ್ ಸಸೂನ್ 1884ರಲ್ಲಿ ಕಟ್ಟಿಸಿದ ಕೆನೆಸೆತ್ ಎಲಿಯಾಹೂ ಸಿನಗಾಗ್ ಕಾಲಾಘೋಡಾದಲ್ಲಿ ಇಂದಿಗೂ ನಿಂತಿದೆ.

ಜೈನರಲ್ಲಿ ದೂರಕ್ಕೆ ಇನ್ನೊಂದು ಮುಖವಿದೆ. ಶ್ರಾವಕ ತೊಡುವ ಗುಣವ್ರತಗಳಲ್ಲಿ ದಿಗ್ವ್ರತವೂ ಒಂದು: ಹತ್ತು ದಿಕ್ಕುಗಳಲ್ಲಿ ಇಷ್ಟರಾಚೆ ಹೋಗೆನು ಎಂದು ಬಾಳಿನುದ್ದಕ್ಕೂ ತನಗೆ ತಾನೇ ಎಲ್ಲೆ ಹಾಕಿಕೊಳ್ಳುವುದು. ಸಮಂತಭದ್ರನ 'ರತ್ನಕರಂಡಕ ಶ್ರಾವಕಾಚಾರ' ಆ ಎಲ್ಲೆಗೆ ಗುರುತುಗಳನ್ನು ಹೆಸರಿಸುತ್ತದೆ: ಕಡಲು, ನದಿ, ಕಾಡು, ಬೆಟ್ಟ, ನಾಡು, ಯೋಜನ. ವಿಜ್ಞಾನೇಶ್ವರ ಕೊಟ್ಟ ಗುರುತುಗಳಿಗೂ ಇವಕ್ಕೂ ಎಷ್ಟು ಹತ್ತಿರ! ಹತ್ತು ದಿಕ್ಕಿನಲ್ಲಿ ಮೇಲಿನ ದಿಕ್ಕೂ ಸೇರಿದೆ. ಮೇಲಕ್ಕೆ ಎಲ್ಲೆ ಮೀರುವುದನ್ನು 'ತತ್ತ್ವಾರ್ಥ ಸೂತ್ರ' ಈ ವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಮೋಡದ ಮೇಲೆ ಕಿಟಕಿ ಪಕ್ಕ ಕೂತು ನಿದ್ದೆ ಮಾಡುವ ಪ್ರಯಾಣಿಕ ಒಂದು ಹೆಜ್ಜೆಯನ್ನೂ ಇಟ್ಟಿರುವುದಿಲ್ಲ. ಆದರೂ ಅವನ ವ್ರತ ಮುರಿದಿರಬಹುದು.

ಈ ಮೂರರಲ್ಲೂ ಅಳತೆ ನೆಲದ್ದು ಅಥವಾ ಎಲ್ಲೆಯದ್ದು, ಗಡಿಯಾರದ್ದಲ್ಲ. ನವವಿ ಉದಾರವಾಗಿ, ಜೈನ ವ್ರತ ಬಿಗಿಯಾಗಿ, ತಾಲ್ಮುಡ್ ಪ್ರಶ್ನಾರ್ಥಕವಾಗಿ ದೂರವನ್ನು ದೂರವೆಂದೇ ಕಾಣುತ್ತವೆ. ವೇಗ ಹೆಚ್ಚಿತೆಂದು ದೂರ ಇಲ್ಲವಾಯಿತು ಎನ್ನುವ ತೀರ್ಮಾನ ಧರ್ಮಗಳದ್ದಲ್ಲ. ಅದು ನಮ್ಮ ಕಾಲದ ಆತುರದ ತೀರ್ಮಾನ.

ಗಡಿಯಾರ ನಂಬಿಕಸ್ತ ಅಳತೆಯೂ ಅಲ್ಲ. ಮುಂಬಯಿಯಿಂದ ನ್ಯೂಯಾರ್ಕಿಗೆ ಸುಮಾರು 12,500 ಕಿಲೋಮೀಟರ್. ನೇರ ವಿಮಾನ ಹೋಗುವಾಗ 15–16 ಗಂಟೆ ತೆಗೆದುಕೊಂಡರೆ, ಬರುವಾಗ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯ ಒತ್ತಾಸೆಯಿಂದ ಬೇಗ ತಲುಪುತ್ತದೆ. ಅದೇ ಎರಡು ಊರು, ಅದೇ ದೂರ, ಗಂಟೆ ಮಾತ್ರ ಬೇರೆ. ಮಂಗಳೂರಿನ 'ಒಂದೂವರೆ ಗಂಟೆ'ಯೂ ಹಾಗೆಯೇ. ಫೋರ್ಟಿನಿಂದ ವಿಮಾನ ನಿಲ್ದಾಣಕ್ಕೆ ಸುಮಾರು 25 ಕಿಲೋಮೀಟರ್. ಸಂಜೆಯ ದಟ್ಟಣೆಯಲ್ಲಿ ಆ ದಾರಿಯೇ ಹಾರಾಟದಷ್ಟು ಹೊತ್ತು ನುಂಗುತ್ತದೆ. ತಪಾಸಣೆಯ ಸಾಲು, ಕಾಯುವಿಕೆ, ಬಜ್ಪೆಯಿಂದ ಉಡುಪಿಗೆ ಮತ್ತೆ 55 ಕಿಲೋಮೀಟರಿನಷ್ಟು ರಸ್ತೆ. ಆಷಾಢದ ಮಳೆಯಲ್ಲಿ ಬಜ್ಪೆಯ ಗುಡ್ಡದ ಮೇಲಿನ ಓಡುದಾರಿ ಕಾಣದೆ ವಿಮಾನ ಬೆಂಗಳೂರಿಗೋ ಬೇರೆಲ್ಲಿಗೋ ತಿರುಗಿದರೆ ಲೆಕ್ಕವೇ ತಲೆಕೆಳಗು. ಕಡೆಯ ಕ್ಷಣದ ಟಿಕೆಟ್ ದರ, ಸಿಗದ ರಜೆ, ಗಲ್ಫಿನಲ್ಲಿ ಮಾಲೀಕನ ಒಪ್ಪಿಗೆ, ಅಮೆರಿಕದಲ್ಲಿ ವೀಸಾದ ಕಾಗದ: ಇವೇ ಇಂದಿನ ಮಹಾನದಿಗಳು, ಇವೇ ಬೆಟ್ಟಗಳು.

2020ರ ಕೋವಿಡ್ ಕಾಲದಲ್ಲಿ ಇದು ಎಲ್ಲರ ಕಣ್ಣೆದುರು ರುಜುವಾಯಿತು. ಮಾರ್ಚ್ 25ರಿಂದ ಮೇ 25ರವರೆಗೆ ದೇಶದೊಳಗಿನ ಪ್ರಯಾಣಿಕ ವಿಮಾನಗಳು ನಿಂತವು. ವಿದೇಶದ ನಿಯಮಿತ ಹಾರಾಟಗಳು ಮೊದಲಿನಂತಾಗಲು 2022ರ ಮಾರ್ಚ್ ಕೊನೆಯವರೆಗೂ ಕಾಯಬೇಕಾಯಿತು. ಕಾಸರಗೋಡಿನ ಕನ್ನಡಿಗರ ಪಾಡು ಇನ್ನೂ ಕಠಿಣ. ಮಂಗಳೂರು ಅವರಿಗೆ 50 ಕಿಲೋಮೀಟರಿನ ಹಾದಿ. ಆಸ್ಪತ್ರೆ, ಕಾಲೇಜು, ನೆಂಟಸ್ತಿಕೆ ಎಲ್ಲ ಅಲ್ಲೇ. ತಲಪಾಡಿಯ ಗಡಿ ಮುಚ್ಚಿದಾಗ ಆ ಹಾದಿ ಹಾರಲಾಗದ ಕಂದಕವಾಯಿತು. ವಿಷಯ ಕೇರಳ ಹೈಕೋರ್ಟಿನವರೆಗೆ ಹೋಯಿತು. ನಾಡಿನ ಹೆಸರು ಬದಲಾದರೆ, ನದಿ ಅಡ್ಡ ಬಂದರೆ ಹತ್ತಿರದ ಊರೂ ದೇಶಾಂತರವಾಗಬಹುದು ಎಂಬ ಅರ್ಥದ ಮಾತು ಹಳೆಯ ನಿಬಂಧಗಳಲ್ಲಿ ಇದೆ. ಅದನ್ನು ಬರೆದವರಿಗೆ ಬದುಕು ಗೊತ್ತಿತ್ತು.

ಇಷ್ಟಾಗಿಯೂ ಒಂದು ಆಕ್ಷೇಪ ಉಳಿಯುತ್ತದೆ, ಅದು ತೂಕದ ಆಕ್ಷೇಪ. ರಿಯಾಯಿತಿ ದಾಯಾದಿಗಳಿಗೆ ಸರಿ. ಹೆತ್ತವರ ವಿಷಯದಲ್ಲೂ ದೂರ ನೆಪವಾಗಬಹುದೇ? ಮಿತಾಕ್ಷರೆ ಇಲ್ಲಿ ನಿಂತು, ತಿರುಗಿ, ಬೇರೆಯೇ ದಾರಿ ಹಿಡಿಯುತ್ತದೆ. ತಂದೆ ತಾಯಿ ತೀರಿಕೊಂಡಾಗ ಮಗ ಎಷ್ಟೇ ದೂರವಿರಲಿ, ಎಷ್ಟೇ ತಡವಾಗಿ ಕೇಳಲಿ, ಕೇಳಿದ ದಿನದಿಂದ ಅವನಿಗೆ ಪೂರ್ತಿ ಹತ್ತು ದಿನ ಎಂಬ ಸ್ಮೃತಿಕಾರ ಪೈಠೀನಸಿಯ ಮತವನ್ನು ವಿಜ್ಞಾನೇಶ್ವರ ಎತ್ತಿಕೊಳ್ಳುತ್ತಾನೆ. ಇಲ್ಲಿ ಯೋಜನವಿಲ್ಲ, ನದಿಯಿಲ್ಲ, ಕಡಿತವಿಲ್ಲ. ಕೇಳಿದ ದಿನವೇ ಮೊದಲ ದಿನ. ಮೇಲ್ನೋಟಕ್ಕೆ ಇದು ಹೊರೆ. ಒಳಗಿಳಿದು ನೋಡಿದರೆ ಬರಲಾಗದ ಮಗನಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಅವನ ದುಃಖವನ್ನು ಶಾಸ್ತ್ರ ತಡವಾಯಿತೆಂದು ತಳ್ಳಿಹಾಕುವುದಿಲ್ಲ. ಎಲ್ಲರ ಸೂತಕ ಕಳೆದ ಮೇಲೂ ಅವನೊಬ್ಬನ ಹತ್ತು ದಿನ ಅವನಿಗಾಗಿ ಕಾದಿರುತ್ತವೆ. ಅವು ಶುರುವಾಗುವುದು ಸುದ್ದಿ ಕಿವಿಗೆ ಬಿದ್ದಾಗ. ಕಾಲು ಅಂಗಳ ಮುಟ್ಟಿದಾಗ ಅಲ್ಲ.

ಇದಕ್ಕೊಂದು ಸಾಕ್ಷಿ ಮುಂಬಯಿ ಬಂದರಿನಲ್ಲೇ ಇದೆ. 1888ರ ಸೆಪ್ಟೆಂಬರ್ 4ರಂದು ಹದಿನೆಂಟರ ಹುಡುಗ ಮೋಹನದಾಸ ಗಾಂಧಿ ಇಂಗ್ಲೆಂಡಿಗೆ ಹಡಗು ಹತ್ತಿದ್ದು ಇಲ್ಲಿಂದ. ಸಮುದ್ರ ದಾಟುವುದು ಧರ್ಮಕ್ಕೆ ಸಲ್ಲದೆಂದು ಮೋಢ ಬನಿಯಾ ಜಾತಿಯ ಶೇಠರು ಅದಕ್ಕೂ ಮೊದಲೇ ಸಭೆ ಸೇರಿ ಅವರನ್ನು ಬಹಿಷ್ಕರಿಸಿದ್ದರು. ನೆರವಾದವರಿಗೆ, ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. 1891ರಲ್ಲಿ ಬ್ಯಾರಿಸ್ಟರಾಗಿ ಮರಳಿದಾಗ ಅಣ್ಣ ಬಂದರಿಗೆ ಬಂದಿದ್ದರು. ತಾಯಿ ಪುತಳೀಬಾಯಿ ತೀರಿಕೊಂಡ ಸುದ್ದಿ ಗಾಂಧಿಗೆ ತಿಳಿದದ್ದು ಭಾರತಕ್ಕೆ ಮರಳಿದ ಮೇಲೆಯೇ. ಅವರು ಇಂಗ್ಲೆಂಡಿನಲ್ಲಿದ್ದಾಗಲೇ ಆ ಸಾವು ಆಗಿತ್ತು. ಪರದೇಶದಲ್ಲಿ ಒಬ್ಬನೇ ಇರುವ ತಮ್ಮನಿಗೆ ಆ ಪೆಟ್ಟು ಬೇಡವೆಂದು ಅಣ್ಣ ತಿಳಿಸಿರಲಿಲ್ಲ. ಕೇಳಿದ ಮೇಲೆ ಗಾಂಧಿ ವಿಧಿಯಂತೆ ಸ್ನಾನ ಮಾಡಿದರು; ಆತ್ಮಕಥೆಯಲ್ಲಿ ಇದನ್ನು ಅವರೇ ಬರೆದಿದ್ದಾರೆ.

ಲಂಡನ್–ಮುಂಬಯಿ ತಂತಿ ಆಗ ಇಪ್ಪತ್ತು ವರ್ಷ ಹಳೆಯದು. ಸುದ್ದಿ ಒಂದೇ ದಿನದಲ್ಲಿ ತಲುಪಬಹುದಿತ್ತು. ತಲುಪಬಾರದೆಂದು ಪ್ರೀತಿ ತೀರ್ಮಾನಿಸಿತು. ತಾಯಿಯ ಬಗ್ಗೆ ಗಾಂಧಿಗಿದ್ದ ಭಕ್ತಿಯನ್ನು ಆ ತಡದಿಂದ ಅಳೆಯುವ ಧೈರ್ಯ ಯಾರಿಗಿದೆ? ಕೇಳಿದ ದಿನದಿಂದ ಎಂಬ ನಿಯಮ ಇಂಥ ಮಕ್ಕಳಿಗಾಗಿಯೇ ಇರುವುದು.

ಸಮುದ್ರದ ನಿಷೇಧವನ್ನು ವಿಮಾನ ಅಳಿಸಿತೆಂದೂ ಹೇಳುವಂತಿಲ್ಲ. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥ ಸ್ವಾಮೀಜಿ ವಿದೇಶಗಳಿಗೆ ಹೋಗಿ ಅಮೆರಿಕದಲ್ಲಿ ಕೃಷ್ಣನ ಗುಡಿಗಳನ್ನು ಕಟ್ಟಿಸಿದರು. 2008ರಲ್ಲಿ ಅವರ ಪರ್ಯಾಯದ, ಎಂದರೆ ಕೃಷ್ಣಪೂಜೆಯ ಸರದಿಯ, ಹೊತ್ತಿಗೆ, ಕಡಲು ದಾಟಿದ ಯತಿ ಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂಬ ಆಕ್ಷೇಪ ಉಳಿದ ಮಠಗಳಿಂದ ಎದ್ದು ನಾಡಿನ ಚರ್ಚೆಯಾಯಿತು. 2024ರ ಜನವರಿ 18ರಂದು ಅವರ ನಾಲ್ಕನೆಯ ಪರ್ಯಾಯ ಆರಂಭವಾಯಿತು. ಅವರು ಹಡಗು ಹತ್ತಿದವರಲ್ಲ, ಹಾರಿ ಹೋದವರು. ಆದರೂ ಚರ್ಚೆ ನಡೆದದ್ದು ಕಡಲಿನ ಮೇಲೆಯೇ. ಹದಿನಾರು ಗಂಟೆಯೋ ಹದಿನಾರು ದಿನವೋ ಎಂದು ಯಾರೂ ಕೇಳಲಿಲ್ಲ. ಪರವಾಗಿದ್ದವರೂ ವಿರೋಧವಾಗಿದ್ದವರೂ ದೂರವನ್ನು ಗಂಟೆಯಿಂದ ಅಳೆಯಲಿಲ್ಲ ಎನ್ನುವುದು ಗಮನಿಸತಕ್ಕದ್ದು. ಯತಿಗೆ ಇಲ್ಲದ ಗಂಟೆಯ ಲೆಕ್ಕ ಹೋಟೆಲಿನಲ್ಲಿ ದುಡಿಯುವ ಮಗನಿಗೆ ಏಕೆ?

ಮಿತಾಕ್ಷರೆಯ ದಿನಗಣನೆ ಎಲ್ಲರ ಮನೆಗೂ ಒಪ್ಪುವುದಿಲ್ಲ ಎಂಬುದೂ ನಿಜ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಸೂತಕ ತಾಯಿಯ 'ಬಳಿ'ಯಲ್ಲಿ, ಎಂದರೆ ತಾಯಿಯ ವಂಶದಲ್ಲಿ, ಹರಿಯುತ್ತದೆ. ಬೊಜ್ಜದ ದಿನವೂ ಕ್ರಮವೂ ಬೇರೆ. ಆದರೆ ಆ ಮನೆಗಳಲ್ಲೂ ಬೊಂಬಾಯಿಯವನಿಗೆ ಸಲ್ಲುತ್ತಿದ್ದ ಹಳೆಯ ಮರ್ಯಾದೆ ಇದೇ ಆಗಿತ್ತು: ಹತ್ತಿರವಿದ್ದವರು ಹೊರಡಿಸಿಕೊಡುತ್ತಾರೆ, ದೂರವಿದ್ದವನು ಬಂದಾಗ ಬಾಗಿಲು ತೆರೆದಿರುತ್ತದೆ.

ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಪ್ರಶ್ನೆ ಇನ್ನೂ ಒಂದು ಸುತ್ತು ತಿರುಗುತ್ತದೆ. ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ 7 ಗಂಟೆಗೆ ಉಡುಪಿಯಲ್ಲಿ ಅಮ್ಮ ತೀರಿಕೊಂಡರು ಎಂದುಕೊಳ್ಳೋಣ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳಿಗೆ ಅದೇ ಕ್ಷಣ ಫೋನು ಹೋಗುತ್ತದೆ. ಅಲ್ಲಿ ಸೋಮವಾರ ರಾತ್ರಿ 9.30. ತಿಥಿ ಎರಡೂ ಕಡೆ ಒಂದೇ, ಏಕೆಂದರೆ ಸೂರ್ಯ ಚಂದ್ರರ ನಡುವಿನ ಅಂತರ ಹನ್ನೆರಡು ಡಿಗ್ರಿ ಹೆಚ್ಚಿದಾಗ ಒಂದು ತಿಥಿ ಮುಗಿಯುತ್ತದೆ. ಅದು ಇಡೀ ಭೂಮಿಗೆ ಒಮ್ಮೆಗೇ ಮುಗಿಯುತ್ತದೆ. ವಾರ ಬೇರೆ, ಸೂರ್ಯೋದಯ ಬೇರೆ. ಹತ್ತು ದಿನವನ್ನು ಎಲ್ಲಿಂದ ಎಣಿಸಬೇಕು? ಅಲ್ಲಿನ ಪುರೋಹಿತರು ಸಾಮಾನ್ಯವಾಗಿ ಕರ್ಮ ಮಾಡುವ ಊರಿನ ಸೂರ್ಯೋದಯವನ್ನೇ ಹಿಡಿಯುತ್ತಾರೆ. ಅಮೆರಿಕದ ನಗರಗಳಿಗೆಂದೇ ಗಣಿಸಿದ ಪಂಚಾಂಗಗಳೂ ಈಗ ಇವೆ. ಆಚಾರ ಬದಲಾಗಲಾರದು ಎನ್ನುವವರು ಆ ಪಂಚಾಂಗ ಬಿಡಿಸಿ ನೋಡಬೇಕು. ಇದ್ದ ಊರಿನ ಸೂರ್ಯನಿಗೆ ತಕ್ಕಂತೆ ಧರ್ಮ ಅಲ್ಲಿ ಹೊಂದಿಕೊಂಡಿದೆ.

ಇಂಥದೇ ಸ್ಪಷ್ಟತೆ ಮುಂಬಯಿಯ ಕನ್ನಡ ಮನೆಗಳಿಗೂ ಬೇಕು. 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ ಊರು ಇದು. ಶಾಲೆ, ಸಂಘ, ಭಜನಾ ಮಂದಿರ ಎಲ್ಲವನ್ನೂ ವಲಸಿಗರೇ ಎಬ್ಬಿಸಿಕೊಂಡಿದ್ದಾರೆ. ಆ ಸಂಘಗಳು ತಮ್ಮ ಪುರೋಹಿತರನ್ನೂ ಊರಿನ ಹಿರಿಯರನ್ನೂ ಒಟ್ಟಿಗೆ ಕೂರಿಸಿ, ಬರಲಾರದವರಿಗಾಗಿ ಒಂದು ಪುಟದ ಕ್ರಮ ಬರೆಸಬಹುದು. ಎಷ್ಟು ಹೊತ್ತು ಕಾಯಬಹುದು, ಎಷ್ಟಾದ ಮೇಲೆ ಕಾಯಬಾರದು; ಹಿರಿಯ ಮಗ ಇಲ್ಲದಾಗ ಅಗ್ನಿ ಕೊಡುವವರು ಯಾರು; ಮಗಳು ಮುಂದೆ ಬಂದರೆ ಏನು; ಕೇಳಿದವನು ಇದ್ದ ಊರಿನಲ್ಲೇ, ಪರೇಲಿನ ಚಾಳಿನಲ್ಲೋ ದುಬೈಯ ಕೋಣೆಯಲ್ಲೋ, ಆ ಹತ್ತು ದಿನ ಹೇಗೆ ಕಳೆಯಬೇಕು; ತಿಂಗಳ ನಂತರ ಊರಿಗೆ ಬಂದಾಗ ಅವನಿಗೆ ಯಾವ ಕರ್ಮ ಉಳಿದಿರುತ್ತದೆ. ಇದನ್ನು ಬರೆಯಲು ಹೊಸ ಶಾಸ್ತ್ರ ಬೇಡ, ಕಲ್ಯಾಣದ ಪಂಡಿತನ ಮೂರನೆಯ ಅಧ್ಯಾಯದಲ್ಲಿ ಬೇಕಾದದ್ದು ಬಹುಪಾಲು ಇದೆ. ಬರೆದ ಮೇಲೆ ಅದರ ಒಂದು ಪ್ರತಿ ಊರಿನ ಚಾವಡಿಗೂ ಹೋಗಬೇಕು, "ವಿಮಾನ ಇತ್ತಲ್ಲ" ಎಂದು ಕೇಳುವವರ ಕೈಗೂ ಸಿಗುವಂತೆ.